ನೀಲಿ ಕಲ್ಲಿನ ಬೆಂಡೋಲೆ

ಕುಂಕುಮದ ಡಬ್ಬಿ ಇತ್ತು. ಡಬ್ಬಿಯೊಳಗೆ ಹತ್ತಿ ಇತ್ತು. ಹತ್ತಿಯ ನಡುವೆ ಇರಬೇಕಾದ ಜೋಡಿ ಬೆಂಡೋಲೆ ಮಾತ್ರ ಇರಲಿಲ್ಲ.

ಸೀತೂರಿನ ಶೇಷಪ್ಪಗೌಡರ ಮನೆಯ ಕತ್ತಲೆ ಕೋಣೆಯಲ್ಲಿ ಬುಡ್ಡಿ ದೀಪ ಹಿಡಿದು ನಿಂತಿದ್ದ ಜಲಜಮ್ಮನ ಬಾಯಿಂದ ಮೊದಲು ಮಾತೇ ಹೊರಡಲಿಲ್ಲ. ಹೊರಟ ಮೇಲೆ ನಿಲ್ಲಲಿಲ್ಲ. ಹಪ್ಪಳ ಮಾಡಲು ಬಂದಿದ್ದ ಕೇರಿಯ ಹೆಂಗಸರೆಲ್ಲ ಅಂಗಳದಲ್ಲೇ ಎದ್ದು ನಿಂತರು. ಅತ್ತೆ ತುಂಗಮ್ಮನ ಕಾಲದ ಓಲೆ ಅದು, ಮಧ್ಯೆ ಒಂದೊಂದು ನೀಲಿ ಕಲ್ಲು. ಮರುದಿನ ಅಕ್ಕಸಾಲಿ ಬಂದು ಅದನ್ನು ಕರಗಿಸಿ ಮಗಳು ನಿಶ್ಚಿತಾಳ ಮದುವೆಗೆ ಹೊಸ ಸರ ಮಾಡಿಕೊಡುವುದೆಂದು ಮಾತಾಗಿತ್ತು.

"ಆ ಕೋಣೆಗೆ ಕಣ್ಣು ಮುಚ್ಚಿಕೊಂಡು ಹೋಗಿ ಬರೋಳು ಒಬ್ಬಳೇ," ಎಂದಳು ಜಲಜಮ್ಮ, ಎಲ್ಲರ ಎದುರಿಗೆ. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಎಲ್ಲರ ಕಣ್ಣೂ ವರ್ಷಗಳಿಂದ ಆ ಮನೆಯ ಕೆಲಸಕ್ಕಿದ್ದ ಯಲ್ಲಕ್ಕನ ಮೇಲೆ ಬಿತ್ತು.

ದಫೇದಾರ ಪರಮೇಶ್ವರ ಬೈಕಿನಿಂದ ಇಳಿದಾಗ ಅಂಗಳದ ತುಂಬ ಹಲಸಿನಕಾಯಿ ಹಪ್ಪಳ. ಬಿಳಿ ಪಂಚೆಗಳ ಮೇಲೆ ಏಪ್ರಿಲ್ ಬಿಸಿಲು ಹೊಡೆದು ಕಣ್ಣು ಬಿಡುವ ಹಾಗಿರಲಿಲ್ಲ. ಹೊಸ ಶತಮಾನ ಬಂದು ಎರಡು ಮೂರು ವರ್ಷವಾದರೂ ಬೇಸಿಗೆಯಲ್ಲಿ ಕರೆಂಟು ಹಗಲಿಡೀ ಇರುವುದು ಆ ಊರಿಗೆ ಇನ್ನೂ ಬಂದಿರಲಿಲ್ಲ. ಪರಮೇಶ್ವರ ಗತ್ತಿನಿಂದ ಹೊಸಿಲು ದಾಟಿದ, ಏನೂ ಕಾಣದೆ ನಡುಮನೆಯ ಕಂಬಕ್ಕೆ ಹಣೆ ಕುಟ್ಟಿಕೊಂಡ. ಪೊಲೀಸರು ಕಂಬಕ್ಕೆ ಗುದ್ದಿದರೆ ನಗಬಾರದು ಎಂಬುದು ಆ ಮನೆಯವರಿಗೆ ಗೊತ್ತಿತ್ತು.

ಅವನಿಗೆ ನಲವತ್ತು ದಾಟಿತ್ತು. ಚಾಳೀಸು ಬೇಕಾಗಿದೆ ಎಂದು ಹೆಂಡತಿ ಹೇಳುತ್ತಲೇ ಇದ್ದಳು. ಅವನು ಕೇಳಿಸಿಕೊಳ್ಳುತ್ತಲೇ ಇದ್ದ.

"ಒಳಗೆ ಹೋದವರು ಯಾರ್ಯಾರು?" ಹಣೆ ಸವರಿಕೊಳ್ಳುತ್ತ ಕೇಳಿದ.

"ಎಣ್ಣೆ ತರೋಕೆ ಯಲ್ಲಕ್ಕ ಹೋದ್ಳು. ಚಾಪೆಗೆ ಮಗ ರಾಕೇಶ ಹೋದ. ಉಪ್ಪಿಗೆ ಇವರು ಹೋದ್ರು," ಎಂದು ಜಲಜಮ್ಮ ಗಂಡನ ಕಡೆ ತೋರಿಸಿದಳು. "ಕೇರಿಯೋರು ಒಬ್ರೂ ಹೊಸಿಲು ದಾಟಿಲ್ಲ."

"ಯಾರು ಜಾಸ್ತಿ ಹೊತ್ತು ಒಳಗಿದ್ದದ್ದು?"

"ಯಾರೂ ಇಲ್ಲ ಮಾರಾಯ್ರೆ. ಇವರು ಕುಟ್ಟಬೇಕು, ನಾನು ಉಂಡೆ ಕಟ್ಟಬೇಕು, ನಿಶ್ಚಿತಾ ಒತ್ತಬೇಕು, ರಾಕೇಶ ಸಾಗಿಸಬೇಕು, ಯಲ್ಲಕ್ಕ ಹರಡಬೇಕು. ಒಬ್ರು ಕೈಬಿಟ್ರೆ ಎಲ್ರ ಕೈ ನಿಲ್ಲುತ್ತೆ, ಹಿಟ್ಟು ಬಿರಿಯುತ್ತೆ. ಹೋದೋರು ಹೋದ ಹಾಗೇ ಬಂದ್ರು. ಇಲ್ಲಾಂದ್ರೆ ನನ್ನ ಹತ್ರ ಬೈಸ್ಕೊಳ್ತಿದ್ರು."

"ಬೇರೆ ಯಾರೂ ಹೋಗಿಲ್ವಾ?"

"ಮಾವ ಬಚ್ಚಲಿಗೆ ಹೋಗಿ ಬಂದ್ರು. ಅವರನ್ನೂ ಲೆಕ್ಕಕ್ಕೆ ಹಿಡೀತೀರಾ? ಪಾಪ, ಗೋಡೆ ಸವರಿಕೊಂಡು ಹೋಗಿ ಬರೋಕೇ ಅವರಿಗೆ ಎಷ್ಟೋ ಹೊತ್ತು ಬೇಕು."

ಪರಮೇಶ್ವರ ಬುಡ್ಡಿ ದೀಪ ಹಿಡಿದು ಕೋಣೆಗೆ ಹೋದ. ಬಚ್ಚಲಿನ ದಾರಿಯಲ್ಲೇ ಇತ್ತು ಅದು. ಕಿಟಕಿ ಇಲ್ಲ, ಬಾಗಿಲಿನಿಂದ ಬರುವ ಮಂಕು ಬೆಳಕೇ ಬೆಳಕು. ನೆಲದ ತುಂಬ ಹಿಂದಿನ ದಿನದ ಅರೆ ಒಣಗಿದ ಹಪ್ಪಳ, ಚಾಪೆ ಚಾಪೆಯಾಗಿ. ಬಾಗಿಲ ಹತ್ತಿರದ ಚಾಪೆಯಲ್ಲಿ ಕೆಲವು ಪುಡಿಯಾಗಿದ್ದವು.

"ಇದು ನಂದು," ಎಂದ ರಾಕೇಶ. "ಬಿಸಿಲಿಂದ ಬಂದೆ, ಎಂತದೂ ಕಾಣಲಿಲ್ಲ, ಮೆಟ್ಟಿದೆ."

"ಆ ಎರಡು ನಂದು," ಎಂದರು ಶೇಷಪ್ಪಗೌಡರು, ಹೆಂಡತಿಯ ಮುಖ ನೋಡದೆ.

ಕುಂಕುಮದ ಡಬ್ಬಿ ಇಟ್ಟಿದ್ದ ಮರದ ಪೆಟ್ಟಿಗೆ ಇದ್ದದ್ದು ದೂರದ ಮೂಲೆಯಲ್ಲಿ. ಚಾಪೆಗಳ ಸಂದಿಯಲ್ಲಿ ಅಲ್ಲೊಂದು ಇಲ್ಲೊಂದು ಹೆಜ್ಜೆಯಿಡುವಷ್ಟೇ ಜಾಗ. ಪರಮೇಶ್ವರ ದೀಪ ಹಿಡಿದೂ ತಡವರಿಸಿದ. ಪೆಟ್ಟಿಗೆಯ ಸುತ್ತ ಒಂದು ಹಪ್ಪಳವೂ ಬಿರುಕು ಬಿಟ್ಟಿರಲಿಲ್ಲ. ಮುಚ್ಚಳ ಎತ್ತಲು ಹೋದರೆ ಒಂದು ಕೈಗೆ ಅಲುಗಲಿಲ್ಲ. ದೀಪವನ್ನು ರಾಕೇಶನಿಗೆ ಕೊಟ್ಟು ಎರಡೂ ಕೈ ಹಾಕಬೇಕಾಯಿತು.

"ಚಾಪೆ ಇಟ್ಟದ್ದು ಯಾರು?"

"ಬೆಳಿಗ್ಗೆ ನಾನೇ, ಓಲೆ ಇದೆಯಾ ಅಂತ ನೋಡಿ ಆಮೇಲೆ ಸಿಕ್ಕಿದ ಕಡೆ ಇಟ್ಟೆ," ಎಂದಳು ಜಲಜಮ್ಮ. "ಯಲ್ಲಕ್ಕ ಆಮೇಲೆ ಬಂದದ್ದು. ಈಗ ಕೇಳಿದ್ರೆ ನನಗೇ ದಾರಿ ಗೊತ್ತಿಲ್ಲ."

"ಬ್ಯಾಟರಿ ಹಾಕಿರಬಹುದಾ?"

"ನಮ್ಮನೆ ಬ್ಯಾಟರಿಗೆ ಶಿವರಾತ್ರಿಯಿಂದ ಸೆಲ್ ಇಲ್ಲ. ಬುಡ್ಡಿ ನನ್ನ ಪಕ್ಕದಲ್ಲೇ ಇತ್ತು."

ಕಡ್ಡಿ ಗೀರಿದರೆ? ಗೀರಿದ ಕಡ್ಡಿ ಒಂದು ಕೈಯಲ್ಲಿ ಹಿಡಿದು ಆ ಮುಚ್ಚಳ ಎತ್ತಲಾಗದು. ಪರಮೇಶ್ವರನ ತಲೆ ಅಲ್ಲಿಗೆ ನಿಂತಿತು.

ಜಗುಲಿಯಲ್ಲಿ ಶೇಷಪ್ಪಗೌಡರ ಅಪ್ಪ ನಾಗಪ್ಪಗೌಡರು ಕೂತಿದ್ದರು. ಈಚೆಗಷ್ಟೇ ಕೊಪ್ಪದಲ್ಲಿ ಒಂದು ಕಣ್ಣಿನ ಪೊರೆ ತೆಗೆಸಿಕೊಂಡು ಬಂದವರು. ಮುಖದ ಅರ್ಧ ಮುಚ್ಚುವ ಕಪ್ಪು ಕನ್ನಡಕ, ಪಕ್ಕದಲ್ಲಿ ಕಣ್ಣಿನ ಮದ್ದಿನ ಡಬ್ಬಿ. ವರ್ಷಗಟ್ಟಲೆ ಮಂಜಿನಲ್ಲಿ ಬದುಕಿದವರನ್ನು ಮನೆಯವರು ಈಗಲೂ ಕೈ ಹಿಡಿದೇ ನಡೆಸುತ್ತಿದ್ದರು. ಬಸ್ಸಿಗೆ, ಆಸ್ಪತ್ರೆಗೆ ಕೈ ಹಿಡಿದು ಕರೆದೊಯ್ಯುವ ಕೆಲಸ ಯಲ್ಲಕ್ಕನದು.

ಕಣ್ಣಿಗೆ ಬಿಡುವಿದ್ದರೂ ಅವರ ಬಾಯಿಗೆ ಬಿಡುವಿರಲಿಲ್ಲ. ಪರಮೇಶ್ವರ ಬಂದಾಗಿನಿಂದ ಹಲಸಿನ ಬೆಳೆ, ತಪ್ಪಿದ ಬಸ್ಸು, ಅಕ್ಕಸಾಲಿಯ ಸೋಮಾರಿತನ—ಒಂದಾದ ಮೇಲೊಂದು ಮಾತು ಬರುತ್ತಲೇ ಇತ್ತು. ನಿಶ್ಚಿತಾ ಮದ್ದು ಬಿಡಲು ಅವರ ಕನ್ನಡಕ ಎತ್ತಿದಳು.

"ಅಜ್ಜಯ್ಯ, ಕಣ್ಣು ಕೆಂಪಾಗಿದೆಯಲ್ಲ. ಬೆಳಿಗ್ಗೆ ಇರಲಿಲ್ಲ."

"ಒಲೆ ಹೊಗೆ ಇರಬೇಕು ಮಗಾ."

ಯಲ್ಲಕ್ಕನನ್ನು ಕರೆಸಿದಾಗ ಅವಳು ಜಗುಲಿ ಹತ್ತಲಿಲ್ಲ. ನಾಗಪ್ಪಗೌಡರ ಎದುರಿಗೇ ಅಂಗಳದ ಬಿಸಿಲಲ್ಲಿ ನಿಂತಳು. ಕೈಗೆಲ್ಲ ಹಿಟ್ಟು ಅಂಟಿತ್ತು.

"ಎಣ್ಣೆ ಡಬ್ಬ ಬಾಗಿಲ ಪಕ್ಕದ ಹಲಗೆ ಮೇಲಿತ್ತು. ಕೈಯಾಡಿಸಿ ತಗೊಂಡೆ, ಬಂದೆ. ಪೆಟ್ಟಿಗೆ ಕಡೆ ಹೋಗಿಲ್ಲ. ಈ ಹುಡುಗಿ ಹುಟ್ಟಿದಾಗ ಮೊದಲು ಎತ್ಕೊಂಡ ಕೈ ಇದು. ಇದರಲ್ಲಿ ಅವಳ ಓಲೆ ಕದೀಲಾ?" ಅವಳಿಗೆ ಅಳು ತಡೆಯಲಾಗಲಿಲ್ಲ. ಸೆರಗಿಗೆ ಹಿಟ್ಟು ತಾಗುವುದೆಂದು ಮುಖ ಮುಚ್ಚಿಕೊಳ್ಳಲೂ ಇಲ್ಲ. ಹಾಗೇ ನಿಂತು ಅತ್ತಳು. "ದೀಪ ಮುಟ್ಟಿ ಆಣೆ ಇಡ್ತೀನಿ ದಫೇದಾರ್ರೆ. ಎಲ್ರೂ ಇಡಲಿ."

"ಈ ಮನೇಲಿ ಯಾರೂ ಆಣೆ ಇಡೋದು ಬೇಡ," ಎಂದರು ನಾಗಪ್ಪಗೌಡರು.

ಆಮೇಲೆ ಅವರು ಮಾತಾಡಲಿಲ್ಲ. ಬಿಸಿಲಿಗೆ ಬಳಲಿದರೆಂದು ಪರಮೇಶ್ವರ ತಿಳಿದ.

ಠಾಣೆಗೆ ಫೋನು ಮಾಡಿದರೆ ಎಸ್ಸೈ ಸಾಹೇಬರ ಉತ್ತರ ಚುಟುಕಾಗಿತ್ತು. "ನಾಳೆ ಮಧ್ಯಾಹ್ನದೊಳಗೆ ಆ ಹೆಂಗಸನ್ನ ಕರ್ಕೊಂಡು ಬಾ." ಪರಮೇಶ್ವರ ರಿಸೀವರ್ ಇಟ್ಟ. ಠಾಣೆಯ ಮೆಟ್ಟಿಲು ಒಮ್ಮೆ ಹತ್ತಿದ ಹೆಂಗಸನ್ನು ಆಮೇಲೆ ಯಾವ ಮನೆಯವರೂ ಹಪ್ಪಳಕ್ಕೆ ಕರೆಯುವುದಿಲ್ಲ, ಕದ್ದಿರಲಿ, ಕದಿಯದಿರಲಿ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಮತ್ತು ಅದನ್ನು ನೆನೆದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಕೊಪ್ಪದ ಬಸ್ಸು ಹತ್ತಿದ. ಹೆಂಡತಿ ಕೊನೆಗೂ ಗೆದ್ದಿದ್ದಳು, ಕಣ್ಣಿನ ಡಾಕ್ಟರ್ ಅರ್ಪಣಾ ಅವರಲ್ಲಿ ಅವನ ಸರದಿ ಅಂದೇ ಇತ್ತು.

ಕ್ಲಿನಿಕ್ಕಿನ ಗೋಡೆಯ ಮೇಲೆ ದೊಡ್ಡ ಅಕ್ಷರದ ಹಲಗೆ: ಪೊರೆ ತೆಗೆಸಿಕೊಂಡವರು ಬಗ್ಗಬಾರದು, ಭಾರ ಎತ್ತಬಾರದು, ಕಪ್ಪು ಕನ್ನಡಕ ತೆಗೆಯಬಾರದು. ನರ್ಸ್ ಬಂದು ಕಣ್ಣಿಗೆ ಹನಿ ಬಿಟ್ಟು, ಪಾಪೆ ಹಿಗ್ಗುವವರೆಗೆ ಒಳಗಿನ ಕೋಣೆಯಲ್ಲಿ ಕೂರಿ ಎಂದಳು. ಪರದೆ ಎಳೆದ ಕೋಣೆ. ಪರಮೇಶ್ವರನಿಗೆ ಕೂತಲ್ಲಿ ಕೂರುವ ಅಭ್ಯಾಸವಿಲ್ಲ. ಚಹಾ ಕುಡಿಯಲು ಬೀದಿಗಿಳಿದ. ಬಿಸಿಲು ಕಣ್ಣಿಗೆ ಹಾರೆ ಹಾಕಿದಂತಾಯಿತು. ನೀರು ಸುರಿಸಿಕೊಂಡು ವಾಪಸು ಒಳಗೆ ಬಂದವನಿಗೆ ಕೋಣೆಯೇ ಇಲ್ಲ, ಬರೀ ಕಪ್ಪು. ಅಂದಾಜಿನ ಮೇಲೆ ಬೆಂಚಿಗೆ ಕೂತರೆ ಯಾರೋ ಒಬ್ಬರ ತೊಡೆ.

"ಏಳು ಮಾರಾಯ, ನಿನ್ನ ಹೊರೋ ವಯಸ್ಸಲ್ಲ ನಂದು," ಎಂದಿತು ತೊಡೆ.

ಅವನ ಬೆನ್ನಿಗೇ ಬೀದಿಯಿಂದ ಒಳಬಂದ ಒಬ್ಬ ಮುದುಕಿ ಕಪ್ಪು ಕನ್ನಡಕ ತೆಗೆದು ಅವನ ಮೊಣಕೈ ಹಿಡಿದಳು. "ಇಲ್ಲಿ ಬಾ. ಆ ಮೂಲೇಲಿ ಖಾಲಿ ಇದೆ. ಕೆಳಗೆ ಚೀಲ ಇದೆ, ದಾಟು."

"ನಿಮಗೆ ಕಾಣುತ್ತಾ ಅಮ್ಮ?"

"ಕಾಣದೆ ಎಂತ. ಹೋದ ತಿಂಗಳು ಪೊರೆ ತೆಗೆದ್ರಲ್ಲ. ಬೇಡ ಅಂದ್ರೂ ಕೇಳದೆ ತೆಗೆಸಿದ ಮಗನಿಗೆ ಪುಣ್ಯ ಬರ್ಲಿ. ನನ್ನ ಈ ಸೀರೆ ಕಪ್ಪು ಅಂತಲೇ ಉಡ್ತಿದ್ದೆ ಇಷ್ಟು ದಿನ. ನೋಡಿದ್ರೆ ನೀಲಿ. ಹೊನ್ನಕ್ಕ ನೀಲಿ ಸೀರೆ ಉಡ್ತಾಳೆ ಅಂತ ಊರಿಗೆಲ್ಲ ಗೊತ್ತಿತ್ತಂತೆ, ನನಗೊಬ್ಬಳಿಗೇ ಗೊತ್ತಿರಲಿಲ್ಲ."

ಪರಮೇಶ್ವರ ಮೂಲೆಯಲ್ಲಿ ಕೂತ. ಸ್ವಲ್ಪ ಹೊತ್ತಿಗೆ ಚೀಲ ಕಂಡಿತು, ಬೆಂಚು ಕಂಡಿತು, ಅವನು ಕೂತು ಎದ್ದ ತೊಡೆಯ ಯಜಮಾನರ ಸಿಡುಕು ಮುಖವೂ ಕಂಡಿತು. ಬಿಸಿಲಿನಿಂದ ಇಬ್ಬರೂ ಒಟ್ಟಿಗೆ ಬಂದಿದ್ದರು. ತನಗೇಕೆ ಕಾಣಲಿಲ್ಲ? ಅವಳಿಗೇಕೆ ಕಂಡಿತು?

ಡಾಕ್ಟರಿಗೆ ಅದನ್ನೇ ಕೇಳಿದ.

ಅರ್ಪಣಾ ಟಾರ್ಚು ಆರಿಸಿ ಹಿಂದಕ್ಕೆ ಒರಗಿದರು. "ಕಣ್ಣಿನ ಹಿಂದುಗಡೆ ಒಂದು ಪರದೆ ಇದೆ ದಫೇದಾರ್ರೆ. ಅದರಲ್ಲಿ ಹಗಲಿಗೆ ಒಂದು ಜಾತಿ ಕೋಶ, ಕತ್ತಲಿಗೆ ಒಂದು ಜಾತಿ. ಕತ್ತಲಿನ ಕೋಶದೊಳಗೆ ಒಂದು ಬಣ್ಣ ತುಂಬಿರುತ್ತೆ. ಬೆಳಕಿನ ಕಣವೊಂದು ತಾಗಿದ್ರೆ ಸಾಕು, ಆ ಬಣ್ಣದ ಅಣು ತನ್ನ ಆಕಾರ ಬದಲಿಸುತ್ತೆ. ಅದರಿಂದ ಕೋಶದ ವಿದ್ಯುತ್ತು ಏರುಪೇರಾಗುತ್ತೆ, ಸುದ್ದಿ ನರಕ್ಕೆ ಹೋಗುತ್ತೆ. ಆದ್ರೆ ಬಿಸಿಲಲ್ಲಿ ನಿಂತ್ರೆ ಬಣ್ಣವೆಲ್ಲ ಮಾಸಿಹೋಗುತ್ತೆ. ಮತ್ತೆ ತುಂಬೋಕೆ ಹೊತ್ತು ಬೇಕು. ಅಲ್ಲೀವರೆಗೆ ನೀವು ಕಂಡವರ ತೊಡೆ ಮೇಲೆ ಕೂರಬೇಕಾಗುತ್ತೆ."

"ಹೊನ್ನಕ್ಕನಿಗೆ?"

"ಕಪ್ಪು ಕನ್ನಡಕ ಬಿಸಿಲನ್ನ ಒಳಗೆ ಬಿಟ್ಟಿಲ್ಲ. ಬಣ್ಣ ಉಳಿದಿದೆ. ಕನ್ನಡಕ ತೆಗೆದ ಕೂಡಲೇ ಕಾಣುತ್ತೆ."

"ಸುದ್ದಿ ಹೋಗುತ್ತೆ ಅಂದ್ರಲ್ಲ. ಬೆಳಕು ಬಿದ್ರೆ ಆ ಕೋಶ ಕೂಗಿ ಹೇಳುತ್ತಾ?"

ಡಾಕ್ಟರ್ ನಕ್ಕರು. "ಎಲ್ಲರೂ ಹಾಗೇ ಅಂದ್ಕೊಳ್ತಾರೆ. ಇರೋದು ಉಲ್ಟಾ. ಕತ್ತಲಲ್ಲಿ ಆ ಕೋಶ ಒಂದೇ ಸಮನೆ ರಸ ಸುರಿಸ್ತಾ ಇರುತ್ತೆ, ವಟವಟ ಅಂತ ಮಾತಾಡಿದ ಹಾಗೆ. ಬೆಳಕು ಬಿದ್ದ ಕೂಡಲೇ ಕಡಿಮೆ ಮಾಡುತ್ತೆ. ಅದು ಸುಮ್ಮನಾದದ್ದೇ ಮುಂದಿನ ಕೋಶಕ್ಕೆ ಸುದ್ದಿ."

ಪರಮೇಶ್ವರ ಗೋಡೆಯ ಹಲಗೆ ಇದ್ದ ಕಡೆ ಕೈ ತೋರಿಸಿದ. "ಪೊರೆ ತೆಗೆಸಿದವರು ಭಾರ ಎತ್ತಿದ್ರೆ?"

"ಕಣ್ಣು ಕೆಂಪಾಗಬಹುದು. ಅದೃಷ್ಟ ಕೆಟ್ಟಿದ್ರೆ ಗಾಯ ಬಿಚ್ಚಿಕೊಳ್ಳಬಹುದು. ಯಾಕೆ, ಯಾರು ಎತ್ತಿದ್ರು?"

"ಇನ್ನೂ ಕೇಳಿಲ್ಲ. ಕೇಳ್ತೀನಿ. ಇವತ್ತೇ ನಿಮ್ಮ ಹತ್ರ ಕರ್ಕೊಂಡು ಬರೋಕೂ ಹೇಳ್ತೀನಿ," ಎಂದು ಎದ್ದ. ಹೋಗುವ ಮುನ್ನ ಒಂದು ಕಪ್ಪು ಕನ್ನಡಕ ಕೇಳಿ ಹಾಕಿಕೊಂಡ.

ಮಧ್ಯಾಹ್ನದ ಮುಂಚೆಯೇ ಅವನು ಸೀತೂರಿನ ಅಂಗಳದಲ್ಲಿದ್ದ. ಯಲ್ಲಕ್ಕ ಠಾಣೆಗೆ ಹೋಗಲು ಒಗೆದ ಸೀರೆ ಉಟ್ಟು ಮೆಟ್ಟಿಲ ಕೆಳಗೆ ಕಾಯುತ್ತಿದ್ದಳು.

"ಜಲಜಮ್ಮ, ಹಪ್ಪಳದ ಚಾಪೆ ನಿನ್ನೆ ಹಾಗೇ ಕೋಣೆ ತುಂಬ ಹಾಕಿ. ಒಡೆದ್ರೆ ಬೈಬೇಡಿ."

ಚಾಪೆ ಹಾಸಿ ಆಯಿತು. ಬಿಸಿಲಲ್ಲಿ ನಿಂತಿದ್ದ ರಾಕೇಶನನ್ನು ಒಳಗೆ ಕಳಿಸಿದ. ಎರಡನೇ ಹೆಜ್ಜೆಗೇ ಪಟ್ ಎಂದಿತು. ಶೇಷಪ್ಪಗೌಡರು ಹೋದರು. ಮೊದಲನೆಯದಕ್ಕೇ ಪಟ್. ಕೊನೆಗೆ ಪರಮೇಶ್ವರ ಬಿಸಿಲಿನಿಂದ ನೇರ ಬಂದು, ಹೊಸಿಲಲ್ಲಿ ಕನ್ನಡಕ ತೆಗೆದು, ಸಂದಿ ನೋಡಿ ನೋಡಿ ಕಾಲಿಡುತ್ತ ಮೂಲೆಗೆ ನಡೆದ. ಎರಡು ಕೈಯಿಂದ ಮುಚ್ಚಳ ಎತ್ತಿ ಇಳಿಸಿದ. ವಾಪಸು ಬಂದ. ಒಂದು ಹಪ್ಪಳವೂ ಸದ್ದು ಮಾಡಲಿಲ್ಲ.

"ನಿನ್ನೆ ಕಳ್ಳನೂ ಹೀಗೇ ಹೋದ," ಎಂದ ಜಗುಲಿಗೆ ಬಂದು. "ಒಡೆದ ಹಪ್ಪಳಾನೇ ನೋಡ್ತಾ ಕೂತಿದ್ದೆ ನಾನು. ನೋಡಬೇಕಾಗಿದ್ದದ್ದು ಒಡೆಯದೇ ಇದ್ದದ್ದನ್ನ. ಬಿಸಿಲಿಂದ ಬಂದೋರಿಗೆ ಆ ಕೋಣೆ ಬಾವಿ ಇದ್ದ ಹಾಗೆ. ಕಣ್ಣು ಪಳಗೋವರೆಗೆ ಒಳಗೆ ನಿಲ್ಲೋಣ ಅಂದ್ರೆ ಜಲಜಮ್ಮ ಬಿಡಲ್ಲ. ಯಲ್ಲಕ್ಕನಿಗೆ ಕೋಣೆ ಬಾಯಿಪಾಠ, ಸರಿ. ಆದ್ರೆ ನಿನ್ನೆ ಬೆಳಿಗ್ಗೆ ಹಾಕಿದ ಚಾಪೆ ಅವಳಿಗೆ ಹೇಗೆ ಗೊತ್ತು? ಹೋದ ಕೂಡಲೇ ಕಾಣಬೇಕಾದ್ರೆ ಬಿಸಿಲನ್ನ ಕಣ್ಣೊಳಗೆ ಬಿಟ್ಟಿರಬಾರದು. ಈ ಮನೇಲಿ ನಿನ್ನೆ ಬೆಳಗಿಂದ ಬಿಸಿಲು ಬೀಳದ ಕಣ್ಣು ಯಾರದು?"

ನಿಶ್ಚಿತಾ ಮೆಲ್ಲಗೆ ಅಜ್ಜನ ಕಡೆ ತಿರುಗಿದಳು.

"ಎಂತ ಮಾತಾಡ್ತೀರಿ?" ಎಂದಳು ಜಲಜಮ್ಮ. "ಮಾವನಿಗೆ ಕಣ್ಣೇ—"

"ಕಾಣುತ್ತೆ. ಪೊರೆ ತೆಗೆಸಿದ್ದು ಕಾಣಲಿ ಅಂತಲೇ ಅಲ್ವಾ? ನೀವು ಕೈ ಹಿಡಿಯೋದು ಬಿಡಲಿಲ್ಲ, ಅಷ್ಟೇ. ಬಚ್ಚಲಿಗೆ ಹೋದೋರು ತಡವಾಗಿ ಬಂದ್ರೂ ಯಾರೂ ಕೇಳಲಿಲ್ಲ. ಮುಚ್ಚಳ ಭಾರ ಇತ್ತು, ಆಮೇಲೆ ಕಣ್ಣು ಕೆಂಪಾಯ್ತು. ಅದು ಹೊಗೆ ಅಲ್ಲ." ಪರಮೇಶ್ವರ ದನಿ ತಗ್ಗಿಸಿದ. "ನಾನು ಬಂದಾಗಿಂದ ಒಂದೇ ಸಮ ಮಾತಾಡ್ತಿದ್ರಿ ಗೌಡ್ರೆ. ಆಣೆ ಅಂದ ಕೂಡಲೇ ನಿಂತು ಹೋಯ್ತು. ಅದೂ ಒಂದು ಸುದ್ದಿ, ನನಗೆ ನಿನ್ನೆ ಓದೋಕೆ ಬರಲಿಲ್ಲ."

ನಾಗಪ್ಪಗೌಡರು ಕಣ್ಣಿನ ಮದ್ದಿನ ಡಬ್ಬಿ ಎತ್ತಿಕೊಂಡರು. ಕೀವಾಗುತ್ತದೆಂದು ಮನೆಯಲ್ಲಿ ನಿಶ್ಚಿತಾ ಬಿಟ್ಟು ಯಾರೂ ಮುಟ್ಟದ ಡಬ್ಬಿ. ಮೇಲಿನ ಹತ್ತಿ ತೆಗೆದರು. ಅಡಿಯ ಹತ್ತಿಯಲ್ಲಿ ಓಲೆಗಳಿದ್ದವು. ನೀಲಿ ಕಲ್ಲಿಗೆ ಬೆಳಕು ಬಿತ್ತು.

"ಕರಗಿಸಿ ಅಂದೋನು ನಾನೇ," ಎಂದರು. "ಹೋದ ವರ್ಷ ಇದನ್ನ ಕೈಗೆ ಕೊಟ್ಟಾಗ ನನ್ನ ಕಣ್ಣಿಗೆ ಕರಿ ಕಲ್ಲು. ತುಂಗಮ್ಮನ ಬಣ್ಣವೇ ಹೋದ ಮೇಲೆ ಇಟ್ಕೊಂಡು ಎಂತ ಮಾಡೋದು ಅನ್ನಿಸ್ತು. ಕಣ್ಣಿನ ಕಟ್ಟು ಬಿಚ್ಚಿದ ದಿನ ಆಕಾಶ ನೋಡಿದೆ. ಆಗ ಇದು ನೆನಪಾಯ್ತು. ಅಕ್ಕಸಾಲಿ ನಾಳೆನೇ ಬ‌ರ್ತಾನೆ ಅಂದ್ರಿ. ಒಂದ್ಸಲ ನೋಡಿ ಅಲ್ಲೇ ಇಡೋಣ ಅಂತ ತೆಗೆದೆ. ಇಡೋಕೆ ಮನಸ್ಸು ಬರಲಿಲ್ಲ."

"ಕೇಳಿದ್ರೆ ನಾವು ಬೇಡ ಅಂತಿದ್ವಾ ಅಪ್ಪಯ್ಯ?" ಎಂದರು ಶೇಷಪ್ಪಗೌಡರು.

"ಮೊಮ್ಮಗಳಿಗೆ ಕೊಟ್ಟದ್ದನ್ನ ಮುದುಕ ವಾಪಸು ಕೇಳಿದ ಅಂತ ಆಗಬಾರದಿತ್ತು. ಅಷ್ಟರಲ್ಲಿ ಗಲಾಟೆ ಆಯ್ತು. ನಾಚಿಕೆ ಆಯ್ತು. ಹೇಳೋಕೆ ಬಾಯಿ ಬರಲಿಲ್ಲ."

ನಿಶ್ಚಿತಾ ಅಳುತ್ತಿದ್ದಳು. ಜಲಜಮ್ಮ ನೆಲ ನೋಡುತ್ತಿದ್ದಳು. ಯಲ್ಲಕ್ಕ ಮೆಟ್ಟಿಲು ಹತ್ತಿ ಬಂದು, ನಿನ್ನೆ ನಿಂತಿದ್ದಕ್ಕಿಂತ ಹತ್ತಿರ, ಮುದುಕರ ಎದುರು ನಿಂತಳು.

"ಗೌಡ್ರೆ, ನಿನ್ನೆ ನಾನು ನಿಮ್ಮೆದುರಿಗೇ ನಿಂತು ಅತ್ತೆ. ಅದು ಕಾಣ್ತಿತ್ತಾ?"

ನಾಗಪ್ಪಗೌಡರು ಮದ್ದಿನ ಡಬ್ಬಿ ಕೆಳಗಿಟ್ಟರು. "ಕಾಣ್ತಿತ್ತು."

"ರಾತ್ರಿಯೆಲ್ಲ ನಾನು ಎಂತ ಅಂದ್ಕೊಂಡೆ ಗೊತ್ತಾ? ಪಾಪ, ಗೌಡ್ರಿಗೆ ಕಾಣಲ್ಲ. ಕಂಡಿದ್ರೆ ನನ್ನ ಬಿಟ್ಕೊಡ್ತಿರಲಿಲ್ಲ ಅಂತ."

ಆ ಮಾತಿಗೆ ಪರಮೇಶ್ವರನಿಗೂ ತಲೆ ಎತ್ತಲಾಗಲಿಲ್ಲ. ಜಲಜಮ್ಮ ಬಂದು ಯಲ್ಲಕ್ಕನ ಕೈ ಹಿಡಿದು, "ತಪ್ಪಾಯ್ತು ಯಲ್ಲಕ್ಕ, ಒಳಗೆ ಬಾ," ಎಂದಳು.

ಯಲ್ಲಕ್ಕ ಕೈ ಬಿಡಿಸಿಕೊಂಡಳು. ಸಿಟ್ಟಿನಿಂದಲ್ಲ, ನಿಧಾನವಾಗಿ. "ನೀವು ಹೇಳಿದ್ದು ಕೇರಿಯೋರ ಮುಂದೆ ಅಮ್ಮ. ಇಲ್ಲಿ ಬರೀ ಮನೆಯೋರಿದ್ದೀರಿ."

ನಾಗಪ್ಪಗೌಡರು ಓಲೆಗಳನ್ನು ಮುಷ್ಟಿಯಲ್ಲಿ ಹಿಡಿದು ಎದ್ದರು. ಅಭ್ಯಾಸಬಲದಿಂದ ಜಲಜಮ್ಮನ ಕೈ ಮುಂದೆ ಬಂತು. ಅವರು ಅದನ್ನು ಹಿಡಿಯದೆ ಮೆಟ್ಟಿಲಿಳಿದು, ಹಪ್ಪಳದ ಪಂಚೆಗಳ ನಡುವೆ ದಾರಿ ನೋಡಿಕೊಂಡು ಅಂಗಳ ದಾಟಿದರು. ಯಾವತ್ತೂ ಕೈ ಹಿಡಿದು ಅದೇ ದಾರಿಯಲ್ಲಿ ನಡೆಸುತ್ತಿದ್ದ ಯಲ್ಲಕ್ಕ ಇವತ್ತು ಹಿಂದೆ ನಡೆದಳು, ಕೈ ಕೊಡಲಿಲ್ಲ.

ಪರಮೇಶ್ವರ ಠಾಣೆಗೆ ಫೋನು ಮಾಡಿ, ಓಲೆ ಮನೆಯಲ್ಲೇ ಸಿಕ್ಕಿತು, ದೂರು ಇಲ್ಲ ಎಂದ. ಹೊರಗೆ ಬಂದು ನೋಡಿದಾಗ ಮುದುಕರು ಕೇರಿಯ ಮೊದಲ ಮನೆ ಮುಟ್ಟಿದ್ದರು. ಅಲ್ಲಿ ಹೆಂಗಸರು ಹಲಸಿನಕಾಯಿ ಬಿಡಿಸುತ್ತ ಕೂತಿದ್ದರು. ನಾಗಪ್ಪಗೌಡರು ಅವರೆದುರು ನಿಂತು ಕಪ್ಪು ಕನ್ನಡಕ ತೆಗೆದರು. ಬೇಡ, ಬಿಸಿಲು, ಎಂದು ಕೂಗಬೇಕೆನಿಸಿತು ಪರಮೇಶ್ವರನಿಗೆ. ಕೂಗಲಿಲ್ಲ. ಅವರು ಕೆಂಪು ಕಣ್ಣು ಕಿರಿದು ಮಾಡಿ ಒಬ್ಬೊಬ್ಬರ ಮುಖವನ್ನೂ ನೋಡಿದರು, ಮುಷ್ಟಿ ಬಿಚ್ಚಿದರು, ಮಾತು ಶುರುಮಾಡಿದರು.